ನನ್ನ ಪಾಲಿನ ಚೊರೀಸೊ

ಹ್ಯೂಸ್ಟನ್
ಫೆಬ್ರವರಿ 9, 2014

ಚನ್ನಮಲ್ಲ,

ಕಾಗದ ಅಂದರೆ ‘ನಾನು ಕ್ಷೇಮ’ ಅಂತ ಶುರುವಾಗಬೇಕು. ನಾನು ಕ್ಷೇಮವಾಗಿಲ್ಲ, ಅದಕ್ಕೆ ಆ ಸಾಲು ಬಿಟ್ಟಿದ್ದೀನಿ.

ಧ್ವನಿಪೆಟ್ಟಿಗೆ ಪೂರ್ತಿ ತೆಗೆದುಬಿಟ್ಟರು ಕಣೋ. ಮಾತು ಹೋಯಿತು. ಕುತ್ತಿಗೆಯಲ್ಲಿ ಒಂದು ತೂತು, ಉಸಿರಾಟವೆಲ್ಲ ಅದರಲ್ಲೇ. ಊಟಕ್ಕೆ ಹೊಟ್ಟೆಗೇ ನಳಿಗೆ ಇಟ್ಟಿದ್ದಾರೆ. ಡಬ್ಬಿಯಲ್ಲಿ ಬರೋ ಗಂಜಿಯಂಥದ್ದನ್ನ ಅನಸೂಯಾ ಅದರೊಳಗೆ ಸುರೀತಾಳೆ. ಬಾಯಿಗೆ ಕೆಲಸವೇ ಇಲ್ಲ. ಇನ್ನೊಂದು ವಿಷಯ ಯಾರೂ ಮುಂಚೆ ಹೇಳಿರಲಿಲ್ಲ: ಉಸಿರು ಮೂಗಿನಿಂದ ಹೋಗಲ್ಲ, ಹಾಗಾಗಿ ವಾಸನೆಯೂ ಇಲ್ಲ. ಅಡುಗೆಮನೆಯಲ್ಲಿ ಸಾಸಿವೆ ಸಿಡಿಯೋ ಸದ್ದು ಕೇಳ್ತದೆ, ಒಗ್ಗರಣೆ ವಾಸನೆ ಬರಲ್ಲ. ಕಿವಿಯಲ್ಲಿ ಊಟ ಮಾಡಿಕೊಂಡು ಇದ್ದೀನಿ.

ನೋಡೋಕೆ ಬರ್ತೀನಿ ಅಂತ ಗೌರವ್‌ಗೆ ಫೋನ್ ಮಾಡಿದ್ಯಂತೆ. ಬರಬೇಡ. ಮಗನ ಮನೇಲಿ ಈ ಅವತಾರದಲ್ಲಿ ಕೂತಿರೋ ನನ್ನನ್ನ ನೀನು ನೋಡಬೇಡ. ನಿನ್ನ ಕಣ್ಣಿನ ಪೊರೆಯೂ ಇನ್ನೂ ತೆಗೆಸಿಲ್ಲ, ಹೈವೇಯಲ್ಲಿ ನಾಲ್ಕು ಗಂಟೆ ಡ್ರೈವ್ ಮಾಡಿ ಇನ್ನೊಂದು ರಗಳೆ ತರಬೇಡ.

ನನಗೆ ಬೇಕಾಗಿರೋದು ಬೇರೆ. ಈ ಶನಿವಾರ ಟೆನಿಸ್‌ಗೆ ಹೋಗು. ಇರ್ವಿಂಗಿನಲ್ಲಿ ರೈಲುಹಳಿ ಪಕ್ಕದ ಒಫೇಲಿಯಾ ಅಂಗಡಿಗೆ ಹೋಗಿ ಕೂತು, ಚೊರೀಸೊ ಮತ್ತು ಮೊಟ್ಟೆ ತಿನ್ನು. ನನ್ನ ಪಾಲಿಂದೂ ತಿನ್ನು. ತಿಂದದ್ದು ಹೇಗಿತ್ತು ಅಂತ ಒಂದನ್ನೂ ಬಿಡದೆ ಬರೆ. ಲಾಸ್ ಕೊಲಿನಾಸ್‌ನಲ್ಲಿ ಒಂದೇ ಆಫೀಸಿನಲ್ಲಿ ಕೂತ ಕಾಲದಿಂದ, ಕಾಯಿಲೆ ಅಂತ ನಾನು ಇಲ್ಲಿಗೆ ಬರೋವರೆಗೂ, ಪ್ರತಿ ಶನಿವಾರ ನಾವಿಬ್ಬರೂ ಹೆಂಡಂದಿರಿಗೆ ಟೆನಿಸ್ ಅಂತ ಹೇಳಿ ಅಲ್ಲಿ ಕೂತು ಹಂದಿ ತಿಂದವರು. ಮೈಸೂರಿನ ಅಯ್ಯಂಗಾರ್ ಒಬ್ಬ, ಬ್ಯಾಡಗಿಯ ಲಿಂಗಾಯತ ಒಬ್ಬ. ಕಾರಿನ ಡಿಕ್ಕಿಯಲ್ಲಿ ರಾಕೆಟ್ಟು, ಬದಲಿ ಅಂಗಿ, ಸೋಂಪಿನ ಡಬ್ಬಿ. ಇದನ್ನೆಲ್ಲ ನಾನು ಇನ್ನು ಯಾರ ಹತ್ತಿರ ಕೇಳಲಿ?

ಮೆಸೇಜು ಗಿಸೇಜು ಬೇಡ. ಗೌರವ್ ಕೊಟ್ಟಿರೋ ಐಪ್ಯಾಡ್‌ನಲ್ಲಿ ಬಂದದ್ದು ಮನೆಮಂದಿಯ ಫೋನಿನಲ್ಲೆಲ್ಲ ಕಾಣಿಸ್ತದೆ. ಕಾಗದ ಬರೆ. ಅನಸೂಯಾ ಇನ್ನೊಬ್ಬರ ಹೆಸರಿನ ಕಾಗದ, ಗಂಡನದ್ದೇ ಆದರೂ, ಒಡೆಯೋಳಲ್ಲ. ಅವರಪ್ಪ ನಂಜನಗೂಡಿನಲ್ಲಿ ಪೋಸ್ಟ್‌ಮಾಸ್ಟರ್ ಆಗಿದ್ದವರು, ಆ ಬುದ್ಧಿ ರಕ್ತದಲ್ಲೇ ಬಂದಿದೆ. ಅವಳು ಹಿಲ್‌ಕ್ರಾಫ್ಟಿಗೆ ತರಕಾರಿಗೆ ಹೋದಾಗ ನಾನು ನನ್ನದನ್ನ ಪೋಸ್ಟ್ ಮಾಡ್ತೀನಿ.

ನಿನ್ನ
ವೇಣು


ಇರ್ವಿಂಗ್, ಡಲ್ಲಾಸ್
ಫೆಬ್ರವರಿ 22, 2014, ಶನಿವಾರ

ವೇಣ್ಯಾ,

ನಿನ್ನ ಕಾಗದ ಎರಡು ಸಲ ಓದಿದೆ. ಆಮ್ಯಾಲ ಸಿಟ್ಟು ಬಂತು. ಬರಬ್ಯಾಡ ಅಂತೀ, ಮಾತಾಡಾಕ ಬರಂಗಿಲ್ಲ ಅಂತೀ, ಮ್ಯಾಲ ನನಗ ಹೋಗಿ ತಿನ್ನು ಅಂತ ಹುಕುಂ ಬ್ಯಾರೆ ಮಾಡ್ತಿ. ನೀ ಅಲ್ಲಿ ನಳಿಗಿ ಹಚಗೊಂಡು ಮಲಗೀ, ನಾ ಇಲ್ಲಿ ತಿಂದು ಢರ್ ಅಂತ ತೇಗಬೇಕೇನು? ಹೋಗೂದ ಇಲ್ಲ ಅಂತ ಮಾಡಿದ್ದೆ. ಶನಿವಾರ ಮುಂಜಾನೆ ಆಗೂದ ತಡ, ಕಾರು ತಾನ ಅತ್ತ ಹೊಂಟ್ತು.

ಅದ ಮೂಲಿ ಮೇಜು. ಒಫೇಲಿಯಾ ನನ್ನ ಒಬ್ಬನ್ನ ನೋಡಿ ‘ನಿನ್ನ ಗೆಳೆಯ, ನಿನ್ನ ಅಮೀಗೊ ಎಲ್ಲಿ?’ ಅಂತ ಕೇಳಿದ್ಲು. ನಾ ಗಂಟಲಕ್ಕ ಕೈ ಹಚ್ಚಿ ತೋರಿಸಿದೆ. ಆಕಿಗೆ ಏನು ತಿಳೀತೋ, ಏಸುನ ಹೆಸರು ಹೇಳಿ ಎದಿ ಮುಟಗೊಂಡು ಒಳಗ ಹೋದ್ಲು. ಬರೂಮುಂದ ರೂಢಿ ಪ್ರಕಾರ ಎರಡು ತಾಟು ತಂದ್ಲು. ನಿನ್ನ ಖುರ್ಚಿ ಮುಂದ ಒಂದು ಇಟ್ಲು.

ಈಗ ಕೇಳು. ಚೊರೀಸೊ ಹಸಿದ ಇತ್ತು, ಆಕಿನ ಮನ್ಯಾಗ ಹಂದಿ ಮಾಂಸ ಅರದು ಕರಳಿನಾಗ ತುಂಬಿದ್ದು. ಕಾದ ತವಾದ ಮ್ಯಾಲ ಅದರ ಚರ್ಮ ಸುಲದು ಕೆಡವಿದ್ಲು, ಚಿರ್ರ್ ಅಂತು. ಕೆಂಪನ್ನ ಕೊಬ್ಬು ಹರದು ತತ್ತಿ ಎಲ್ಲಾ ಕೇಸರಿ ಆತು. ಸಿರ್ಕಾದ ಹುಳಿ ಘಾಟು ಮೊದಲ ಮೂಗಿಗೆ ಬಡೀತು, ಹಿಂದಿನಿಂದ ಬೆಳ್ಳುಳ್ಳಿ, ಆಮ್ಯಾಲ ಒಣ ಮೆಣಸಿನಕಾಯಿ. ನಿನಗ ಗೊತ್ತೈತಲ್ಲ, ನಾ ಯಾವಾಗಲೂ ಹೇಳ್ತಿದ್ದೆ, ಅದು ನಮ್ಮ ಬ್ಯಾಡಗಿ ಮೆಣಸಿನಕಾಯಿದ ಜಾತಿ, ಬಣ್ಣ ಭಾಳ, ಖಾರ ಕಡಿಮಿ. ಟೋರ್ಟಿಯಾ ಒಂದು ಬದಿಗೆ ಸೀದಿತ್ತು, ಆಕಿ ಮೊಮ್ಮಗಳು ಮಾಡಿದ್ದು, ಆ ಹುಡಿಗಿಗೆ ರೊಟ್ಟಿ ಅಂದ್ರ ಏನಂತ ತಿಳಿಯಂಗಿಲ್ಲ. ಕೊಬ್ಬು ಮೊಣಕೈ ತನಕ ಇಳೀತು. ಉಪ್ಪು ಕಡಿಮಿ. ನಾ ಹೇಳಿದೆ, ಆಕಿ ‘ನಿನ್ನ ನಾಲಿಗಿ ಕೆಟ್ಟೈತಿ’ ಅಂದ್ಲು. ಚಟ್ನಿ ನೀರು ನೀರು. ತತ್ತಿ ಒಂದು ಸ್ವಲ್ಪ ಜಾಸ್ತಿ ಬೆಂದಿತ್ತು.

ನನ್ನ ತಾಟು ಮುಗದ ಮ್ಯಾಲ ನಿನ್ನ ತಾಟಿನ್ನ ನೋಡ್ಕೋತ ಕೂತೆ. ಆರಾಕ ಹತ್ತಿತ್ತು. ಕೊಬ್ಬು ಹೆಪ್ಪುಗಟ್ಟಿದ್ರ ನಿನಗ ಸೇರಂಗಿಲ್ಲಲ್ಲ, ಅದಕ್ಕ ಅದನ್ನೂ ತಿಂದೆ. ಅಳು ಬಂತು ನೋಡಪಾ. ಮೆಣಸಿನಕಾಯಿ ಅಂತ ತಿಳ್ಕೊಂಡಾಳು ಒಫೇಲಿಯಾ.

ನಿನ್ನ ದೋಸ್ತ
ಚನ್ನಮಲ್ಲಪ್ಪ


ಹ್ಯೂಸ್ಟನ್
ಮಾರ್ಚ್ 18, 2014

ಚನ್ನಮಲ್ಲ,

ನಿನ್ನ ಕಾಗದ ಬಚ್ಚಲುಮನೆಯಲ್ಲಿ ಬಾಗಿಲು ಹಾಕಿಕೊಂಡು ಓದಿದೆ. ‘ಉಪ್ಪು ಕಡಿಮಿ’ ಅನ್ನೋ ಕಡೆ ಬಂದಾಗ ನಕ್ಕೆ. ಸದ್ದು ಬರಲ್ಲ, ತೂತಿನಿಂದ ಬುಸ್ ಅಂತ ಗಾಳಿ ಬಂತು. ಒಂದು ದಿನ, ಒಂದೇ ಒಂದು ದಿನ ಉಪ್ಪು ಸರಿಯಾಗಿದೆ ಅಂತ ಅಂದಿದ್ದೀಯೇನೋ ನೀನು? ನಿನ್ನ ತಕರಾರು ಓದ್ತಾ ಓದ್ತಾ ನನ್ನ ಬಾಯಲ್ಲಿ ನೀರು ಬಂತು. ಆಪರೇಷನ್ ಆದ ಮೇಲೆ ಮೊದಲ ಸಲ. ನರ್ಸಮ್ಮ ಅದನ್ನ ಒಳ್ಳೇ ಲಕ್ಷಣ ಅಂದಳು, ಯಾಕೆ ಬಂತು ಅಂತ ಅವಳಿಗೆ ಹೇಳಲಿಲ್ಲ.

ಈಗ ಮುಖ್ಯ ವಿಷಯ. ಜೂನ್ ತಿಂಗಳಲ್ಲಿ ನುಂಗೋ ಪರೀಕ್ಷೆ ಇದೆ. ಬಿಳೀ ಮದ್ದು ಕುಡಿಸಿ ಎಕ್ಸ್‌ರೇಯಲ್ಲಿ ನೋಡ್ತಾರಂತೆ. ಅದು ಸೋರದೆ ಕೆಳಗೆ ಇಳಿದರೆ ನಳಿಗೆ ತೆಗೆದು ಬಾಯಲ್ಲಿ ತಿನ್ನಲಿಕ್ಕೆ ಬಿಡ್ತಾರೆ. ಇಳಿಯಲಿಲ್ಲ ಅಂದರೆ ಸಾಯೋವರೆಗೂ ಡಬ್ಬಿ ಗಂಜಿ. ನಾನು ಈಗ ಅದೊಂದನ್ನೇ ಕಾಯ್ತಾ ಇದ್ದೀನಿ. ಪಾಸಾದರೆ ಮಾರನೇ ಶನಿವಾರ ಗೌರವ್ ಕೈಲಿ ಡ್ರೈವ್ ಮಾಡಿಸಿಕೊಂಡು ನಿನ್ನಲ್ಲಿಗೆ ಬರ್ತೀನಿ. ಮೊದಲ ತುತ್ತು ಒಫೇಲಿಯಾ ಅಂಗಡೀದೇ. ದೇವರ ಪ್ರಸಾದ ಆಮೇಲೆ.

ಇಲ್ಲಿ ಅನಸೂಯಾ ಹರಕೆ ಹೊತ್ತು ಅನ್ನ ಬಿಟ್ಟಿದ್ದಾಳೆ. ನಾನು ಒಂದು ತುತ್ತು ನುಂಗೋವರೆಗೂ ಅವಳು ಅನ್ನ ಮುಟ್ಟೋಲ್ಲವಂತೆ. ಗೋಧಿ ರವೆ ತಿಂದುಕೊಂಡು ಸೊರಗಿ ಹೋಗಿದ್ದಾಳೆ. ಎದುರಿಗೆ ಕೂತು ಅವಳು ಉಣ್ಣೋದನ್ನ ನೋಡೋ ಸುಖವೂ ನನಗಿಲ್ಲ. ನೀನು ದಯವಿಟ್ಟು ಇಂಥ ಹುಚ್ಚಾಟಕ್ಕೆ ಇಳೀಬೇಡ. ಮನೇಲಿ ಇಬ್ಬರು ಉಪವಾಸ ಇರೋದು ಸಾಕು, ತಿನ್ನೋಕೆ ಒಬ್ಬನಾದರೂ ಇರಲಿ.

ನಿಜ ಹೇಳಲಾ? ಮದುವೆ ಆದಾಗಿನಿಂದ ಅವಳ ಕೈಯ ಮಜ್ಜಿಗೆಹುಳಿ ತಿಂದಿದ್ದೀನಿ. ಒಂದು ದಿನವೂ ನನಗೆ ಅದು ಸೇರಲಿಲ್ಲ. ‘ಭೇಷ್’ ಅಂತ ಹೇಳಿ ಹೇಳಿ ವಾರಕ್ಕೆರಡು ಸಲ ಬಡಿಸಿಕೊಂಡೆ. ಈಗ ಅದನ್ನ ಕೊಟ್ಟರೂ ಸೊರ್ ಅಂತ ಕುಡೀತೀನಿ.

ಈ ಸಲ ಡಲ್ಲಾಸ್‌ನ ಆ ಮುದುಕನ ಅಂಗಡಿಗೆ ಹೋಗು. ಸಾಸೇಜುಗಳನ್ನ ಸಾಲಾಗಿ ನೇತುಹಾಕಿ ಒಣಗಿಸ್ತಾನಲ್ಲ, ಆ ಅಂಗಡಿ. ಬಾಗಿಲು ತೆಗೆದಾಗ ಬರೋ ಹೊಗೆ, ಮೆಣಸಿನ ವಾಸನೆ ಬರೆ. ಸಲಾಮಿ ತೆಳ್ಳಗೆ ಕೊಯ್ದು ಕೊಟ್ಟರೆ ನಾಲಿಗೆ ಮೇಲಿಟ್ಟುಕೋ, ಅಗಿಯಬೇಡ, ಕೊಬ್ಬು ಕರಗೋ ತನಕ ಕಾದು ಆಮೇಲೆ ಬರೆ.

ನಿನ್ನ
ವೇಣು


ಇರ್ವಿಂಗ್
ಏಪ್ರಿಲ್ 5, 2014, ಶನಿವಾರ

ವೇಣ್ಯಾ,

ನೀ ಹೇಳಿದಂಗ ಡಲ್ಲಾಸಿಗೆ ಹೋಗಿ ಬಂದೆ. ಮುದುಕ ಆರಾಮ ಅದಾನ. ಸಾಸೇಜ್ ಭಾಳ ಛಲೋ ಇದ್ವು. ಹೊಗಿ ವಾಸನಿ ಘಮ್ ಅಂತಿತ್ತು. ಸಲಾಮಿ ನಾಲಿಗಿ ಮ್ಯಾಲ ಇಟಗೊಂಡೆ, ಬೆಣ್ಣಿಗತೆ ಕರಗ್ತು. ಉಪ್ಪು ಖಾರ ಎಲ್ಲಾ ಬರೋಬ್ಬರಿ ಇತ್ತು. ನಿನ್ನ ಪಾಲಿಂದೂ ತಿಂದೆ, ಹೊಟ್ಟಿ ತುಂಬ್ತು.

ಜೂನ್‌ದಾಗ ಪಾಸ್ ಆಗ್ತಿ ನೋಡು. ನನಗ ಖಾತ್ರಿ ಐತಿ. ಬ್ಯಾರೆ ಏನೂ ಇಚಾರ ಮಾಡಬ್ಯಾಡ, ಔಷಧ ತಪ್ಪಸಬ್ಯಾಡ.

ನಿನ್ನ
ಚನ್ನಮಲ್ಲಪ್ಪ


ರೌಂಡ್ ರಾಕ್, ಆಸ್ಟಿನ್
ಮೇ 24, 2014, ಶನಿವಾರ

ವೇಣ್ಯಾ,

ಸಂಗಮೇಶ ಬಂದು ಕರಕೊಂಡು ಬಂದಾನ, ಎರಡು ತಿಂಗಳು ಇಲ್ಲೆ ಇರ್ತೀನಿ. ಮಗ ಸೊಸಿ ಇಬ್ಬರೂ ಕಂಪ್ಯೂಟರ್ ಕಂಪನಿಗೆ ಹೋಗ್ತಾರ. ಹಗಲೆಲ್ಲಾ ಮನ್ಯಾಗ ನಾ ಒಬ್ಬಾವ. ನಮ್ಮ ಮನಿಯಾಕಿ ಗುರವ್ವ ಇದ್ದಿದ್ರ ಬೈಯಾಕರ ಒಬ್ಬಾಕಿ ಇರ್ತಿದ್ಲು.

ಮೊನ್ನೆ ಆಸ್ಟಿನ್‌ದಾಗ ಒಂದು ಅಂಗಡಿಗೆ ಹೋಗಿದ್ದೆ. ಸ್ಪೇನ್ ದೇಶದ ಚೊರೀಸೊ ಇಟ್ಟಿದ್ರು, ಗಟ್ಟಿ ಇರತೈತಿ, ಗಾಳಿಗೆ ಒಣಗಿಸಿದ್ದು. ಬಿಲ್ಲಿ ಬಿಲ್ಲಿ ಕೊಯ್ದು ಕೊಟ್ರು. ಭಾಳ ರುಚಿ ಇತ್ತು. ಉಪ್ಪು ಸರಿಯಾಗಿತ್ತು. ಬ್ರೆಡ್ಡೂ ಛಲೋ ಇತ್ತು. ಒಂದು ಮಾತು ತಗದು ಹಾಕಂಗಿರಲಿಲ್ಲ.

ಪರೀಕ್ಷಾ ಯಾವ ದಿನ ಅಂತ ಬರಿ. ಲಗೂ ಬರಿ. ಮರೀಬ್ಯಾಡ.

ನಿನ್ನ
ಚನ್ನಮಲ್ಲಪ್ಪ


ಹ್ಯೂಸ್ಟನ್
ಜೂನ್ 27, 2014

ಚನ್ನಮಲ್ಲಪ್ಪನವರಿಗೆ,

ಪರೀಕ್ಷೆ ಆಯಿತು. ಫೇಲ್. ಬಿಳೀ ಮದ್ದು ಒಂದು ಚಮಚ ಕುಡಿಸಿದರು, ಒಳಗೆ ಇಳಿಯಲಿಲ್ಲ. ಕುತ್ತಿಗೆಯ ಹೊಲಿಗೆ ಹತ್ತಿರ ಸೋರಿ ಅಂಗಿಯ ಮೇಲೆ ಬಂತು. ನಾನೇ ಕಣ್ಣಾರೆ ನೋಡಿದೆ. ಯಾಕೆ ಕೂಡಿಕೊಂಡಿಲ್ಲ ಅಂತ ಇನ್ನಷ್ಟು ನೋಡಿದರು. ಅಲ್ಲಿ ಅದೇ ಕ್ಯಾನ್ಸರ್ ಮತ್ತೆ ಕೂತಿದೆ. ಇನ್ನು ಕೊಯ್ಯೋಕೂ ಜಾಗ ಇಲ್ಲವಂತೆ. ಡಾಕ್ಟರು ಗೌರವ್‌ನ ಹೊರಗೆ ಕರೆದುಕೊಂಡು ಹೋಗಿ ಮಾತಾಡಿದರು. ಮಾತು ಹೋದವನಿಗೆ ಕಿವಿಯೂ ಹೋಗಿದೆ ಅಂದುಕೊಂಡಿದ್ದಾರೆ.

ಅದು ಹಾಗಿರಲಿ. ನಿನ್ನ ಕಡೇ ಎರಡು ಕಾಗದ ಎದುರಿಗೆ ಇಟ್ಟುಕೊಂಡಿದ್ದೀನಿ. ಮೊದಲನೆಯದು ಓದಿದಾಗಲೇ ಏನೋ ತಪ್ಪಿದೆ ಅನ್ನಿಸಿತು, ಹೋಗಲಿ ಬಿಡು ಅಂದುಕೊಂಡೆ. ಎರಡನೆಯದರಲ್ಲಿ ನೀನು ಸಿಕ್ಕಿಬಿದ್ದೆ. ‘ಉಪ್ಪು ಸರಿಯಾಗಿತ್ತು!’ ನಿನ್ನ ಮಗನ ಮದುವೆಯಲ್ಲಿ ಅಡುಗೆಯವನನ್ನ ಕರೆಸಿ ಉಪ್ಪಿನ ಪಾಠ ಮಾಡಿದವನು ನೀನು. ದೇವಸ್ಥಾನದ ಪುಳಿಯೋಗರೆಯಲ್ಲೂ ಹುಳುಕು ಹುಡುಕಿದವನು. ನೀನು ಅಲ್ಲಿಗೆ ಹೋಗಿಲ್ಲ. ಹೋಗಿದ್ದರೂ ಬಾಯಿಗೆ ಹಾಕಿಲ್ಲ.

ಯಾಕೋ? ಅಸಹ್ಯ ಆಯಿತಾ? ನನ್ನ ತೂತು ನೆನಪಾಗಿ ಗಂಟಲಲ್ಲಿ ಇಳಿಯಲಿಲ್ಲವಾ? ಹಾಗಾದರೆ ಹಾಗಂತ ಬರೀಬಹುದಿತ್ತು. ಈ ಮೂರು ತಿಂಗಳು ನಾನು ಮಲಗಿಕೊಂಡು ಆ ‘ಬೆಣ್ಣೆಯ ಹಾಗೆ ಕರಗಿದ್ದನ್ನ’ ಚಪ್ಪರಿಸ್ತಿದ್ದೆ ಕಣೋ. ಡಬ್ಬಿ ಗಂಜಿ ಹೊಟ್ಟೆಗೆ ಹೋಗುವಾಗ ಕಣ್ಣು ಮುಚ್ಚಿಕೊಂಡು ಅದೇ ನಾಲಿಗೆ ಮೇಲಿದೆ ಅಂದುಕೊಳ್ತಿದ್ದೆ. ಗಾಳಿ ಅಗಿದೆನಲ್ಲ!

ನಿಜ ಏನು ಅಂತ ಬರೆ. ಇಲ್ಲದಿದ್ದರೆ ಬರೀಲೇಬೇಡ.

ವೇಣುಗೋಪಾಲ


ರೌಂಡ್ ರಾಕ್
ಜುಲೈ 6, 2014

ವೇಣ್ಯಾ,

ಬೈಯಿ. ಎಷ್ಟು ಬೇಕಾದಷ್ಟು ಬೈಯಿ. ‘ಚನ್ನಮಲ್ಲಪ್ಪನವರಿಗೆ’ ಅಂತ ಮಾತ್ರ ಬರೀಬ್ಯಾಡ, ಕೈ ಮುಗೀತೀನಿ.

ನಾ ತಿಂದಿಲ್ಲ. ಡಲ್ಲಾಸಿಗೆ ಹೋಗಿದ್ದೆ, ಅಂಗಡಿ ಬಾಗಲದಾಗ ನಿಂತು ಹೊಗಿ ವಾಸನಿ ತಗೊಂಡು ಹೊಳ್ಳಿ ಬಂದೆ. ಆಸ್ಟಿನ್ ಅಂಗಡ್ಯಾಗ ಗಾಜಿನ ಹೊರಗ ನಿಂತು ನೋಡೀನಿ. ರುಚಿ ಬರದಿದ್ದೆಲ್ಲಾ ಸುಳ್ಳ.

ನಿನ್ನ ಮಾರ್ಚ್ ಕಾಗದ ಬಂದ ದಿನ ನಾ ಹರಕಿ ಹೊತ್ತೆ. ಜೂನ್‌ದಾಗ ಪರೀಕ್ಷಾ ಐತಿ ಅಂತ ಓದಿದೆ. ಜಳಕ ಮಾಡಿ, ಲಿಂಗಪೂಜಿಗೆ ಕೂತು, ಉಳವಿ ಚನ್ನಬಸವಣ್ಣಗ ಬೇಡ್ಕೊಂಡೆ. ನನ್ನ ಗೆಳೆಯಾನ ಗಂಟಲದಾಗ ಒಂದು ತುತ್ತು ಇಳಿಯೂತನಕ ನಾ ಮಾಂಸ ಮುಟ್ಟಂಗಿಲ್ಲ ಅಂತ. ನೀ ಕಾಗದದಾಗ ‘ಹುಚ್ಚಾಟಕ್ಕೆ ಇಳೀಬೇಡ’ ಅಂತ ಬರದಿದ್ದಿ. ಅದನ್ನ ಓದೇ ಹೊತ್ತೆ. ಏನ್ ಮಾಡ್ಲಿ? ನನ್ನ ಹಂತ್ಯಾಕ ದೇವರಿಗೆ ಕೊಡಾಕ ಬ್ಯಾರೆ ಏನೈತಿ? ದೇವರು ನಾವು ಜೀವಕ್ಕಿಂತ ಹೆಚ್ಚು ಮಾಡಿದ್ದನ್ನ ಕೇಳ್ತಾನ. ಗುರವ್ವ ಹೋದ ಮ್ಯಾಲ ನನಗ ವಾರದಾಗ ಹಾದಿ ಕಾಯೂದು ಅಂದ್ರ ಆ ಶನಿವಾರದ ಚೊರೀಸೊ ಒಂದ.

ಇತ್ತ ನೀ ನನ್ನ ಬಾಯಿಲೆ ಉಣ್ಣಾಕತ್ತಿದ್ದಿ. ನಿನಗ ಹೇಳಿದ್ರ ನೀ ಹರಕಿ ಮುರಿ ಅಂತಿದ್ದಿ. ಹೇಳಲಿಲ್ಲಂದ್ರ ಸುಳ್ಳು ಬರೀಬೇಕು. ಸುಳ್ಳು ಬರದೆ. ತಕರಾರು ತಗೀಬೇಕು ಅಂತ ಹೊಳೀಲ ಇಲ್ಲ. ತಿನ್ನದ ಇದ್ದದ್ದಕ್ಕ ಹೆಂಗ ಹೆಸರಿಡ್ಲಿ?

ಫೇಲ್ ಆತು ಅಂತ ಬರದೀ. ಆದ್ರೂ ನಾ ಬಿಡಂಗಿಲ್ಲ. ಇನ್ನೊಮ್ಮೆ ಪರೀಕ್ಷಾ ಮಾಡ್ತಾರ. ಈಗ ನಾ ಒಂದು ತುಣುಕು ಬಾಯಾಗ ಇಟ್ಟು, ಆಮ್ಯಾಲ ನಿನಗ ಏನರ ಆದ್ರ, ನಾ ಹೆಂಗ ಬದುಕಲಿ ಹೇಳು. ಯಾರಿಗಂತ ಹರಕಿ ಹೊತ್ತಿರ್ತೀವಿ, ಮುರದ್ರ ಅವರಿಗೇ ತಟ್ಟತೈತಿ. ನಮ್ಮವ್ವ ಹೇಳ್ತಿದ್ಲು. ಹಿಂಗಾಗಿ ತಿನ್ನು ಅನಬ್ಯಾಡ. ಬ್ಯಾರೆ ಏನ ಹೇಳು, ಮಾಡ್ತೀನಿ.

ನಿನ್ನ
ಚನ್ನಮಲ್ಲಪ್ಪ


ಹ್ಯೂಸ್ಟನ್
ಜುಲೈ 29, 2014

ಚನ್ನಮಲ್ಲ,

ಅಕ್ಷರ ಸೊಟ್ಟ, ಓದಿಕೋ. ಕೈ ನಿಲ್ಲಲ್ಲ.

ಲಿಂಗಾಯತ ಮಾಂಸ ಬಿಡ್ತೀನಿ ಅಂತ ಹರಕೆ ಹೊತ್ತನಂತೆ! ಕಳ್ಳ ಇನ್ನು ಕದಿಯಲ್ಲ ಅಂತ ದೇವರಿಗೆ ಕಾಣಿಕೆ ಒಪ್ಪಿಸಿದ ಹಾಗಾಯಿತು. ನಿನ್ನ ಚನ್ನಬಸವಣ್ಣ ಅದನ್ನ ಕೇಳಿ ನಕ್ಕಿರ್ತಾನೆ. ನಾನೂ ಬುಸ್ ಬುಸ್ ಅಂತ ನಕ್ಕೆ, ಅನಸೂಯಾ ಉಸಿರು ಕಟ್ಟಿತು ಅಂತ ಓಡಿ ಬಂದಳು.

ಆಮೇಲೆ ನಾನೂ ಅತ್ತೆ ಕಣೋ. ಅನಸೂಯಾ ಅನ್ನ ಬಿಟ್ಟಳು, ನೀನು ಶನಿವಾರ ಬಿಟ್ಟೆ. ನನ್ನ ಮೇಲೆ ಪ್ರೀತಿ ಇಟ್ಟವರೆಲ್ಲ ಬಾಯಿ ಹೊಲಿದುಕೊಂಡು ಕೂತಿದ್ದೀರಿ. ನಾನು ಕೇಳಿದ್ದು ಅದಕ್ಕೆ ಸರೀ ಉಲ್ಟಾ.

ಆಸ್ಪತ್ರೆಯವರು ಕೈಬಿಟ್ಟಿದ್ದಾರೆ. ಈಗ ಮನೆಗೇ ನರ್ಸು ಬರ್ತಾಳೆ, ನೋವು ಗೊತ್ತಾಗದ ಹಾಗೆ ಮದ್ದು ಹಾಕ್ತಾಳೆ, ಅಷ್ಟೇ. ಇನ್ನೊಂದು ಪರೀಕ್ಷೆ ಇಲ್ಲ. ನಿನ್ನ ಹರಕೆ ಈ ಗಂಟಲಿಗೆ ತಾನೇ? ಗಂಟಲೇ ಮುಗಿದ ಮೇಲೆ ಹರಕೆ ಎಲ್ಲಿಂದ ಬಂತು? ಯಾರಿಗಾಗಿ ಹೊತ್ತೆಯೋ ಅವನೇ ಬಿಡಿಸ್ತಾ ಇದ್ದೀನಿ. ನನಗೆ ತಟ್ಟಬೇಕಾದ್ದೆಲ್ಲ ಆಗಲೇ ತಟ್ಟಿದೆ, ಇನ್ನು ತಟ್ಟೋಕೆ ಜಾಗ ಇಲ್ಲ.

ಹೋಗು. ಒಫೇಲಿಯಾ ಅಂಗಡಿಗೆ ಹೋಗಿ ತಿನ್ನು. ತಿಂದು ನಿಜ ಬರೆ. ಉಪ್ಪು ಕಡಿಮೆ ಅಂತ ಬರೆ. ಅದೊಂದು ಓದಿ ಹೋಗ್ತೀನಿ. ಬೇರೆ ಏನೂ ಬೇಡ ನನಗೆ. ನಿನ್ನ ಕಾಗದ ಬರೋ ತನಕ ಹೇಗಾದರೂ ಇರ್ತೀನಿ.

ವೇಣು


ಇರ್ವಿಂಗ್
ಆಗಸ್ಟ್ 9, 2014, ಶನಿವಾರ

ವೇಣ್ಯಾ,

ಒಫೇಲಿಯಾ ಅಂಗಡ್ಯಾಗ ಕೂತು ಬರೀತೀನಿ. ಕಾಗದಕ್ಕ ಎಣ್ಣಿ ಹತ್ತೈತಿ, ಒರಸಂಗಿಲ್ಲ, ನೋಡಿದ್ರ ನಿನಗ ಖರೆ ಅನಸಲಿ.

ನಿನ್ನ ಕಾಗದ ಬಂದು ಒಂದು ವಾರದ ಮ್ಯಾಲ ಆತು. ಹೋದ ಶನಿವಾರ ಇಲ್ಲಿತನಕ ಬಂದು, ಕಾರಿನಿಂದ ಇಳೀದ ಹೊಳ್ಳಿ ಹೋದೆ. ಧೈರ್ಯ ಆಗಲಿಲ್ಲ. ಇವತ್ತ ಮುಂಜಾನೆ ಲಿಂಗಪೂಜಿ ಮಾಡಿ, ತಪ್ಪಾತು ಅಂತ ಬೇಡ್ಕೊಂಡು ಬಂದೆ. ಬಿಸಿಲು ಏರಾಕ ಹತ್ತಿತ್ತು. ಎರಡು ತಾಟು ಹೇಳಿದೆ.

ಮೊದಲ ನಿನ್ನ ತಾಟು ಎಳಕೊಂಡೆ. ತುತ್ತು ಕೈಯಾಗ ಹಿಡದು ಭಾಳ ಹೊತ್ತು ಕೂತೆ. ಬಾಯಾಗ ಇಟ್ಟೆ. ಮೊದಲ ಸಿರ್ಕಾದ ಹುಳಿ, ದವಡಿ ಝುಮ್ ಅಂತು. ಆಮ್ಯಾಲ ಬೆಳ್ಳುಳ್ಳಿ. ಚೊರೀಸೊ ಈ ಸಲ ಅಂಚಿಗೆ ಸ್ವಲ್ಪ ಕರಕಲ ಆಗಿತ್ತು, ನಿನಗ ಸೇರೋ ಹಂಗ ಕರಂ ಕರಂ. ನಡುವ ಮೆತ್ತಗ. ಜೀರಗಿ ಜಾಸ್ತಿ ಬಿದ್ದಿತ್ತು, ಯಾಕ ಹಾಕ್ತಾಳೋ ಏನೋ, ಹೋದ ವರ್ಷ ಹಿಂಗ ಇದ್ದಿದ್ದಿಲ್ಲ. ಟೋರ್ಟಿಯಾ ಆ ಹುಡಿಗಿನ ಮಾಡಿದ್ಲು, ಈಗರ ಸ್ವಲ್ಪ ಕಲತಾಳ, ಆದ್ರೂ ದಪ್ಪ. ನಾಲಿಗಿ ತುದಿಗೆ ಖಾರ ಇಲ್ಲ, ನುಂಗಿದ ಮ್ಯಾಲ ಗಂಟಲದಾಗ ಬೆಚ್ಚಗ ಆಕ್ಕೈತಲ್ಲ, ಅದು ಆತು. ಆ ಬೆಚ್ಚಗಿನದು ನಿನಗ ಮುಟ್ಟಲಿ ಅಂತ ಕಣ್ಣು ಮುಚ್ಚಿ ಕೂತೆ. ಕೊಬ್ಬು ಹೆಬ್ಬೆಟ್ಟಿನಿಂದ ಮಣಿಕಟ್ಟಿಗೆ ಇಳದೈತಿ, ಅದನ್ನೂ ನೆಕ್ಕಿದೆ, ನೀ ಮಾಡ್ತಿದ್ದಂಗ. ಎದುರು ಮೇಜಿನ್ಯಾವ ನೋಡಿ ಮುಖ ತಿರುವಿದ.

ನನ್ನ ತಾಟು ಹಂಗ ಐತಿ. ಇವತ್ತ ನಿಂದ ಅಷ್ಟ ತಿಂದೆ. ಸುಳ್ಳು ಹೇಳಂಗಿಲ್ಲ ನೋಡು, ಛಲೋ ಇತ್ತು. ನನಗ ನಾಚಿಕಿ ಬರೋಷ್ಟು ಛಲೋ ಇತ್ತು.

ಉಪ್ಪು ಕಡಿಮಿ.

ಇದನ್ನ ಓದಿದ ಕೂಡಲೆ ಒಂದು ಸಾಲು ಬರಿ. ಬರಿಯಾಕ ಆಗಲಿಲ್ಲಂದ್ರ ಖಾಲಿ ಕಾಗದರ ಕಳಸು, ನನಗ ತಿಳೀತೈತಿ. ನೀ ಬ್ಯಾಡ ಅಂದ್ರೂ ಮುಂದಿನ ವಾರ ಸಂಗಮೇಶನ್ನ ಕರಕೊಂಡು ಹ್ಯೂಸ್ಟನ್‌ಗೆ ಬರ್ತೀನಿ.

ನಿನ್ನ
ಚನ್ನಮಲ್ಲಪ್ಪ


ಹ್ಯೂಸ್ಟನ್
ಆಗಸ್ಟ್ 14, 2014

ಶ್ರೀ ಚನ್ನಮಲ್ಲಪ್ಪನವರಿಗೆ ಅನಸೂಯಾ ಮಾಡುವ ನಮಸ್ಕಾರಗಳು.

ಗೌರವ್ ನಿಮಗೆ ಫೋನ್ ಮಾಡಿದನಂತೆ, ನೀವು ತೆಗೆಯಲಿಲ್ಲವಂತೆ. ಆದ್ದರಿಂದ ಬರೆಯುತ್ತಿದ್ದೇನೆ. ನಮ್ಮ ಮನೆಯವರು ಹೋದ ಶನಿವಾರ ಬೆಳಿಗ್ಗೆ, ಬಿಸಿಲು ಏರುವ ಹೊತ್ತಿಗೆ ತೀರಿಕೊಂಡರು. ಶುಕ್ರವಾರ ಚೆನ್ನಾಗಿಯೇ ಇದ್ದರು, ಪೋಸ್ಟ್ ಬಂತೇ ಅಂತ ಸ್ಲೇಟಿನ ಮೇಲೆ ಬರೆದು ಎರಡು ಸಲ ಕೇಳಿದರು. ಶನಿವಾರ ನಾನು ಮುಖ ಒರೆಸಲಿಕ್ಕೆ ಹೋದಾಗ ತುಟಿ ಅಲ್ಲಾಡಿಸುತ್ತಿದ್ದರು, ಏನನ್ನೋ ಅಗಿಯುವ ಹಾಗೆ. ಹಸಿವಾಗಿದೆಯೇನೋ ಅಂದುಕೊಂಡು ಡಬ್ಬಿ ತರಲು ಹೋದೆ. ಬರುವಷ್ಟರಲ್ಲಿ ಮುಗಿದಿತ್ತು.

ನಿಮ್ಮ ಕಾಗದ ಮಂಗಳವಾರ ಬಂತು. ಅವರ ಹೆಸರಿಗೆ ಬಂದದ್ದು, ನಾನು ಒಡೆಯಲಿಲ್ಲ. ಅಷ್ಟು ಕಾದಿದ್ದರಲ್ಲ, ಅವರ ಜೊತೆಗೇ ಹೋಗಲಿ ಎಂದು ಬುಧವಾರ ದಹನದ ಹೊತ್ತಿಗೆ ಅಂಗಿಯ ಜೇಬಿನಲ್ಲಿಟ್ಟು ಕಳಿಸಿದೆ. ತಪ್ಪಾಗಿದ್ದರೆ ಕ್ಷಮಿಸಿ. ಟೆನಿಸ್ ರಾಕೆಟ್ಟನ್ನೂ ಇಡಬೇಕೆಂದಿದ್ದೆ, ಅಲ್ಲಿಯವರು ಬಿಡಲಿಲ್ಲ. ಅದರ ತಂತಿ ಇನ್ನೂ ಹೊಸದರ ಹಾಗೇ ಇದೆ. ಅಷ್ಟು ವರ್ಷ ಆಡಿದರೂ ಎಷ್ಟು ಜೋಪಾನವಾಗಿ ಇಟ್ಟುಕೊಂಡಿದ್ದರು ನೋಡಿ. ನಿಮ್ಮ ಜೊತೆ ಆಡುತ್ತಿದ್ದ ಶನಿವಾರಗಳನ್ನು ಬಿಟ್ಟರೆ ಅವರಿಗೆ ಬೇರೆ ಸುಖ ಇರಲಿಲ್ಲ.

ಇಪ್ಪತ್ತೊಂದನೇ ತಾರೀಖು ವೈಕುಂಠ ಸಮಾರಾಧನೆ. ಹೋದವರಿಗೆ ಇಷ್ಟವಾದದ್ದನ್ನು ಅವತ್ತು ಮಾಡಿ ಬಡಿಸುವುದು ನಮ್ಮಲ್ಲಿ ಪದ್ಧತಿ. ನಾನು ಅಷ್ಟು ವರ್ಷ ಬಡಿಸಿದೆ. ಆದರೂ ಈಗ ಕೂತು ಯೋಚಿಸಿದರೆ ಅವರಿಗೆ ನಿಜವಾಗಿ ಏನು ಇಷ್ಟ ಎಂದು ತಿಳಿಯುತ್ತಿಲ್ಲ. ಏನು ಹಾಕಿದರೂ ಭೇಷ್ ಎನ್ನುತ್ತಿದ್ದರು. ನೀವು ಅವರಿಗೆ ನನಗಿಂತ ಹತ್ತಿರ. ನನಗೆ ತಿಳಿಯದ್ದು ಏನಾದರೂ ಇದ್ದರೆ ಸಂಕೋಚಪಡದೆ ಹೇಳಿ. ಏನೇ ಆದರೂ ಸರಿ, ಮಾಡಿಸುತ್ತೇನೆ. ಅವರಿಗೆ ಬಾಯಲ್ಲಿ ಕೊಡುವುದು ಇದೇ ಕೊನೆಯ ಸಲ.

ಅನಸೂಯಾ


ಇರ್ವಿಂಗ್
ಆಗಸ್ಟ್ 18, 2014

ವೈನಿ ಅವರಿಗೆ,

ಚನ್ನಮಲ್ಲಪ್ಪನ ಶರಣಾರ್ಥಿ.

ನಿಮ್ಮ ಕಾಗದ ಬಂತು. ಶನಿವಾರ ಬಿಸಿಲು ಏರೂ ಹೊತ್ತಿಗೆ ಅಂತ ಬರದೀರಿ. ಆ ಹೊತ್ತಿಗೆ ನಾ ಏನ್ ಮಾಡ್ತಿದ್ದೆ ಅಂತ ಕೇಳಬ್ಯಾಡ್ರಿ. ಹೇಳೂ ಬಾಯಿ ನನಗಿಲ್ಲ. ನನ್ನ ಕೈಲೆ ಆಗಬಾರದ್ದು ಆತು. ಇನ್ನ ನಾ ಎಷ್ಟು ದಿನ ಇರ್ತೀನೋ, ಅದು ನನ್ನ ಜೋಡಿ ಇರತೈತಿ.

ಕಾಗದ ಜೇಬಿನಾಗ ಇಟ್ಟು ಕಳಿಸಿದ್ದು ತಪ್ಪಲ್ರಿ. ಒಡೀಲಿಲ್ಲ, ಛಲೋ ಆತು. ಅದರಾಗ ನಿಮಗ ಸಂಬಂಧ ಪಟ್ಟದ್ದು ಏನೂ ಇದ್ದಿದ್ದಿಲ್ಲ.

ಅವಗ ಏನು ಸೇರ್ತಿತ್ತು ಅಂತ ಕೇಳೀರಿ. ನಿಮ್ಮ ಕೈ ಮಜ್ಜಿಗೆಹುಳಿ ಅಂದ್ರ ಅವನ ಜೀವ ರೀ ವೈನಿ. ನನ್ನ ಮುಂದ ಎಷ್ಟು ಸಲ ಹೇಳ್ಯಾನ. ಮಾರ್ಚ್‌ದಾಗ ಬರದ ಕಾಗದದಾಗೂ ಅದರದ ಮಾತು ತಗದಿದ್ದ, ಈಗ ಕೊಟ್ರ ಸೊರ್ ಅಂತ ಕುಡೀತೀನಿ ಅಂತ. ಅದನ್ನ ಮಾಡಸ್ರಿ. ಬ್ಯಾರೆ ಏನೂ ಇಲ್ಲ. ನೀವು ಅವತ್ತಿನಿಂದರ ಅನ್ನ ಉಣ್ರಿ.

ನಾ ಬರಂಗಿಲ್ರಿ. ಅವನ ಎಲಿ ಮುಂದ ಕೂಡೂ ಯೋಗ್ಯತಾ ನನಗಿಲ್ಲ. ರಾಕೆಟ್ ಯಾರಿಗರ ಕೊಟ್ಟಬಿಡ್ರಿ. ನಂದೂ ಮೊನ್ನೆ ಕಸಕ್ಕ ಹಾಕಿದೆ. ಇನ್ನ ನಾ ಟೆನಿಸ್ ಆಡಂಗಿಲ್ಲ.

ಚನ್ನಮಲ್ಲಪ್ಪ